ದೂರಿಗೆ ಮುನ್ನ ದಾಖಲೆ: ಕಲ್ಲಿದ್ದಲ ಗಣಿಯ ನೆರೆಯ ರೈತರಿಂದ ನಾವು ಕಲಿಯಬೇಕಾದದ್ದು

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಕಲ್ಲಿದ್ದಲ ಗಣಿಯಿಂದ ಹೊಲಕ್ಕೆ, ಮನೆಗೆ, ಬಾವಿಗೆ ಹಾನಿಯಾದಾಗ ಅಲ್ಲಿನ ಭೂಮಾಲೀಕನು ಯಾರಲ್ಲಿ ದೂರಬೇಕು, ಆ ದೂರು ಹೇಗೆ ಇತ್ಯರ್ಥವಾಗುತ್ತದೆ ಎಂಬುದು ಇಂದು ನಾನು ಮಾತನಾಡಬೇಕಾದ ವಿಷಯ. ಮಲೆನಾಡಿನಲ್ಲಿ ಕಲ್ಲಿದ್ದಲಿಲ್ಲ, ಇಡೀ ಕರ್ನಾಟಕದಲ್ಲಿಯೇ ಕಲ್ಲಿದ್ದಲ ಗಣಿಯಿಲ್ಲ. ಹಾಗಿರುವಾಗ ಈ ವಿಷಯ ನಮಗೇಕೆ ಎಂದು ತಾವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನನಗೆ ಎರಡು ಕಾರಣಗಳು ಕಾಣುತ್ತವೆ. ಮೊದಲನೆಯದು, ನಮ್ಮ ಮನೆಗಳ ದೀಪ ಉರಿಯುವುದರಲ್ಲಿ ಕಲ್ಲಿದ್ದಲಿನ ಪಾಲೂ ಇದೆ. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರವು 1985ರಿಂದ ಉರಿಸುತ್ತಿರುವುದು ಸಿಂಗರೇಣಿ ಮೊದಲಾದ ಹೊರಗಿನ ಗಣಿಗಳ ಕಲ್ಲಿದ್ದಲನ್ನೇ. ಯಾರದೋ ನೆಲದಡಿಯಿಂದ ಬಂದದ್ದು ನಮ್ಮ ಅಡಿಗೆಮನೆಯ ಮಿಕ್ಸಿಯನ್ನು ತಿರುಗಿಸುತ್ತಿದೆ. ಎರಡನೆಯದು, ಗಣಿ ಯಾವುದೇ ಇರಲಿ, ಕಲ್ಲಿದ್ದಲಾಗಲಿ, ಕಬ್ಬಿಣದ ಅದಿರಾಗಲಿ, ಜಲ್ಲಿಕಲ್ಲಾಗಲಿ, ಅದರ ಪಕ್ಕದಲ್ಲಿ ಬಾಳುವ ರೈತನ ಸಂಕಟಗಳು ಹೆಚ್ಚುಕಡಿಮೆ ಒಂದೇ. ಗೋಡೆ ಬಿರಿಯುತ್ತದೆ, ಒರತೆ ಬತ್ತುತ್ತದೆ, ನೀರು ಕೆಡುತ್ತದೆ, ಧೂಳು ಬೆಳೆಯ ಮೇಲೆ ಕೂರುತ್ತದೆ. ದೂರು ಕೊಟ್ಟರೆ ಬರುವ ಉತ್ತರವೂ ಎಲ್ಲೆಡೆ ಒಂದೇ: "ಇದು ನಮ್ಮಿಂದ ಆದದ್ದೆಂಬುದಕ್ಕೆ ನಿಮ್ಮಲ್ಲಿ ಏನು ಪುರಾವೆಯಿದೆ?"

ಈ ಒಂದು ಪ್ರಶ್ನೆಯ ಸುತ್ತಲೇ ನನ್ನ ಮಾತು ಇರುತ್ತದೆ. ನಾನು ಕೃಷಿ ವಿಜ್ಞಾನದವನು, ಕಾನೂನು ಪಂಡಿತನಲ್ಲ. ಆದರೆ ಗಣಿ ಹಾನಿಯ ವಿವಾದಗಳನ್ನು ನೋಡುತ್ತ ಬಂದಂತೆ, ಕೊನೆಯಲ್ಲಿ ಅವುಗಳನ್ನು ತೀರ್ಮಾನಿಸುವುದು ವಾದದ ಕಾವಲ್ಲ, ಹಾನಿಗೆ ಮೊದಲೇ ಬರೆದಿಟ್ಟ ಅಳತೆ ಎಂಬುದು ನನಗೆ ಮನವರಿಕೆಯಾಗಿದೆ. ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಡುವುದು ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆಯ ಅನುಭವ. ಪೆನ್ಸಿಲ್ವೇನಿಯ, ಪಶ್ಚಿಮ ವರ್ಜೀನಿಯ, ಕೆಂಟಕಿ ರಾಜ್ಯಗಳ ಆ ಬೆಟ್ಟಗಳಲ್ಲಿಯೂ ನಮ್ಮಂತೆಯೇ ಕಣಿವೆಗೊಂದು ಊರು, ಬೆಟ್ಟದ ಒರತೆಯಿಂದ ಬರುವ ನೀರು, ಚಿಕ್ಕ ಚಿಕ್ಕ ಹಿಡುವಳಿಗಳು ಇವೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನೆಲ ಒಬ್ಬನದು, ಅಡಿಯ ಕಲ್ಲಿದ್ದಲು ಇನ್ನೊಬ್ಬನದು

ಆ ಸೀಮೆಯಲ್ಲಿ ಭೂಮಿಯ ಮೇಲ್ಮೈ ಮತ್ತು ಅದರಡಿಯ ಖನಿಜ ಎರಡನ್ನೂ ಬೇರೆ ಬೇರೆಯಾಗಿ ಮಾರಬಹುದು. 19ನೆಯ ಶತಮಾನದ ಕೊನೆಯಲ್ಲಿ ಮತ್ತು 20ನೆಯ ಶತಮಾನದ ಆರಂಭದಲ್ಲಿ ಕಲ್ಲಿದ್ದಲು ವ್ಯಾಪಾರಿಗಳು ಊರೂರು ಸುತ್ತಿ ರೈತರಿಂದ ನೆಲದಡಿಯ ಹಕ್ಕನ್ನು ಅತ್ಯಲ್ಪ ಹಣಕ್ಕೆ ಕೊಂಡರು. ಕೆಂಟಕಿಯಲ್ಲಿ ಆ ಕ್ರಯಪತ್ರಗಳಿಗೆ "ಅಗಲ ನಮೂನೆಯ ಪತ್ರ" ಎಂಬ ಹೆಸರೇ ಬಿದ್ದಿತು. ಕಲ್ಲಿದ್ದಲು ತೆಗೆಯಲು ಅನುಕೂಲವೆಂದು ಕಂಡದ್ದನ್ನೆಲ್ಲ ಮಾಡಬಹುದು, ಅದರಿಂದಾಗುವ ಹಾನಿಗೆ ಕೊಂಡವನು ಹೊಣೆಯಲ್ಲ ಎಂಬರ್ಥದ ಮಾತುಗಳು ಅವುಗಳಲ್ಲಿದ್ದವು. ಬರೆದುಕೊಟ್ಟ ಕಾಲದಲ್ಲಿ ಗಣಿಯೆಂದರೆ ಗುದ್ದಲಿ ಹಿಡಿದು ಬೆಟ್ಟದೊಳಗೆ ಹೋಗುವ ಸುರಂಗ ಮಾತ್ರ. ಅರ್ಧ ಶತಮಾನದ ಬಳಿಕ ಬುಲ್ಡೋಜರು ಬಂದಿತು. ಮೇಲ್ಮಣ್ಣು, ತೋಟ, ಕಾಡು ಎಲ್ಲವನ್ನೂ ಸಿಗಿದು ಕಲ್ಲಿದ್ದಲು ತೆಗೆಯುವ ತೆರೆದ ಗಣಿ ಬಂದಿತು. ಹಳೆಯ ಪತ್ರವು ಈ ಹೊಸ ವಿಧಾನಕ್ಕೂ ಅವಕಾಶ ಕೊಡುತ್ತದೆ ಎಂದು ಕೆಂಟಕಿಯ ನ್ಯಾಯಾಲಯ 1956ರಲ್ಲಿ ತೀರ್ಪಿತ್ತಿತು. ಅಜ್ಜ ಹಾಕಿದ ಹೆಬ್ಬೆಟ್ಟು ಮೊಮ್ಮಗನ ಅಂಗಳವನ್ನೇ ನುಂಗಿತು.

ಈ ಅನ್ಯಾಯ ಸರಿಯಾಗಲು 32 ವರ್ಷ ಬೇಕಾಯಿತು. 1965ರಲ್ಲಿ ಕೆಂಟಕಿಯ ನಾಟ್ ಕೌಂಟಿಯಲ್ಲಿ ವಿಧವೆಯೊಬ್ಬರು ತಮ್ಮ ಮನೆಯ ಮೇಲಿನ ಇಳಿಜಾರಿನಲ್ಲಿ ಬುಲ್ಡೋಜರಿನ ಮುಂದೆ ಕುಳಿತರು. ಅವರನ್ನು ಹೊತ್ತೊಯ್ದು ಸೆರೆಮನೆಗೆ ಹಾಕಿದ ಚಿತ್ರಗಳು ದೇಶದ ಪತ್ರಿಕೆಗಳಲ್ಲೆಲ್ಲ ಬಂದವು. ಅಲ್ಲಿಂದ ಬೆಳೆದ ಜನಾಭಿಪ್ರಾಯದ ಫಲವಾಗಿ 1988ರಲ್ಲಿ ರಾಜ್ಯ ಸಂವಿಧಾನದ ತಿದ್ದುಪಡಿ ಜನರ ಮತಕ್ಕೆ ಬಂದು, ಶೇಕಡಾ 80ಕ್ಕೂ ಹೆಚ್ಚು ಮತಗಳಿಂದ ಅಂಗೀಕಾರವಾಯಿತು. ಪತ್ರ ಬರೆದ ಕಾಲದಲ್ಲಿ ಆ ಪ್ರದೇಶದಲ್ಲಿ ರೂಢಿಯಲ್ಲಿದ್ದ ವಿಧಾನದಿಂದ ಮಾತ್ರ ಕಲ್ಲಿದ್ದಲು ತೆಗೆಯಬಹುದು, ಬೇರೆ ವಿಧಾನಕ್ಕೆ ಮೇಲ್ಮೈ ಒಡೆಯನ ಒಪ್ಪಿಗೆ ಬೇಕು ಎಂಬುದೇ ಅದರ ತಿರುಳು. 1993ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಪೆನ್ಸಿಲ್ವೇನಿಯದ ಕಥೆ ನೆಲದಡಿಯ ಗಣಿಯದು. ಅಲ್ಲಿ ಕಲ್ಲಿದ್ದಲು ತೆಗೆದ ಟೊಳ್ಳಿನ ಮೇಲೆ ನಿಂತ ಮನೆಗಳು ಕುಸಿಯುತ್ತಿದ್ದವು. ಮನೆಗಳ ಕೆಳಗೆ ಆಧಾರ ಉಳಿಯದಂತೆ ಗಣಿ ತೋಡಬಾರದೆಂದು ರಾಜ್ಯವು 1921ರಲ್ಲಿ ಕಾಯಿದೆ ಮಾಡಿತು. 1922ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಮೇಲ್ಮೈಯನ್ನು ಮಾತ್ರ ಕೊಂಡವರು ಅದರ ಅಪಾಯವನ್ನೂ ಕೊಂಡಿದ್ದಾರೆ, ಪರಿಹಾರ ಕೊಡದೆ ಕಂಪನಿಯ ಹಕ್ಕನ್ನು ಕಸಿಯಲಾಗದು ಎಂಬುದು ಆ ತೀರ್ಪಿನ ಧೋರಣೆ. 1966ರಲ್ಲಿ ರಾಜ್ಯವು ಮತ್ತೊಂದು ಕಾಯಿದೆ ಮಾಡಿ, ಆಗ ಇದ್ದ ಮನೆಗಳ ಅಡಿಯಲ್ಲಿ ಆಧಾರಕ್ಕಾಗಿ ಕಲ್ಲಿದ್ದಲನ್ನು ಬಿಡಲೇಬೇಕೆಂದಿತು. ಸಾಮಾನ್ಯವಾಗಿ ಅರ್ಧದಷ್ಟನ್ನು ಬಿಡಬೇಕಾಗಿತ್ತು. 1987ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ ಐವರು ನ್ಯಾಯಾಧೀಶರು ಪರ, ನಾಲ್ವರು ವಿರುದ್ಧವಾಗಿ ಈ ಕಾಯಿದೆಯನ್ನು ಎತ್ತಿಹಿಡಿಯಿತು. ನಡುವೆ ಕಳೆದದ್ದು 65 ವರ್ಷ. ಆ ಅವಧಿಯಲ್ಲಿ ನೆಲ ಬದಲಾಗಿರಲಿಲ್ಲ, ಕಲ್ಲಿದ್ದಲೂ ಬದಲಾಗಿರಲಿಲ್ಲ. ಬದಲಾದದ್ದು ನೆರೆಯವನ ಹಾನಿ ಸಾರ್ವಜನಿಕ ಹಾನಿಯೂ ಹೌದು ಎಂಬ ತಿಳುವಳಿಕೆ.

1977ರ ಕಾಯಿದೆ ಮತ್ತು ದೂರಿನ ದಾರಿ

1972ರ ಫೆಬ್ರವರಿ 26ರಂದು ಪಶ್ಚಿಮ ವರ್ಜೀನಿಯದ ಬಫಲೋ ಕ್ರೀಕ್ ಕಣಿವೆಯಲ್ಲಿ ಗಣಿಯ ತ್ಯಾಜ್ಯದಿಂದ ಕಟ್ಟಿದ್ದ ಒಡ್ಡು ಒಡೆದು 125 ಮಂದಿ ಸತ್ತರು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ಇಂಥ ದುರಂತಗಳು ಮತ್ತು ಬೆಟ್ಟಸೀಮೆಯ ಜನರ ದೀರ್ಘ ಹೋರಾಟದ ಬೆನ್ನಿಗೆ 1977ರ ಆಗಸ್ಟ್ 3ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಗಣಿ ನಿಯಂತ್ರಣ ಮತ್ತು ಭೂಪುನಶ್ಚೇತನ ಕಾಯಿದೆಗೆ ಅಂಕಿತ ಹಾಕಿದರು. ಕಾಯಿದೆಯ ಎಲ್ಲ ವಿವರಗಳನ್ನು ಹೇಳುವುದು ಇಲ್ಲಿ ಬೇಡ. ದೂರುದಾರನಿಗೆ ಅದು ಕೊಟ್ಟ ಸ್ಥಾನವನ್ನಷ್ಟೇ ನೋಡೋಣ.

ಯಾವುದೇ ವ್ಯಕ್ತಿ, ಆತ ಭೂಮಾಲೀಕನಾಗಿರಲೇಬೇಕೆಂದಿಲ್ಲ, ಗಣಿಯಲ್ಲಿ ನಿಯಮ ಮುರಿದಿದ್ದಾರೆಂದು ಬರೆದುಕೊಡಬಹುದು. ಕೇಂದ್ರದ ಕಚೇರಿಗೆ ಅದು ನಂಬತಕ್ಕದ್ದೆಂದು ಕಂಡರೆ ರಾಜ್ಯದ ಇಲಾಖೆಗೆ ನೋಟೀಸು ಕಳುಹಿಸುತ್ತದೆ. ರಾಜ್ಯವು ಹತ್ತು ದಿನಗಳೊಳಗೆ ಕ್ರಮ ಕೈಗೊಳ್ಳಬೇಕು ಅಥವಾ ಕೈಗೊಳ್ಳದಿರುವುದಕ್ಕೆ ಸಕಾರಣ ತೋರಿಸಬೇಕು. ಇದನ್ನು "ಹತ್ತು ದಿನಗಳ ನೋಟೀಸು" ಎನ್ನುತ್ತಾರೆ. ಜೀವಕ್ಕೆ ಒಡನೆಯೇ ಅಪಾಯವಿದ್ದರೆ ಹತ್ತು ದಿನವೂ ಕಾಯಬೇಕಿಲ್ಲ. ಈ ದೂರಿನ ಮೇರೆಗೆ ಕೇಂದ್ರದ ತನಿಖಾಧಿಕಾರಿ ಗಣಿಗೆ ಹೋಗುವಾಗ ದೂರುದಾರನು ಜೊತೆಯಲ್ಲಿ ಹೋಗಬಹುದು. ಹೆಸರು ಗುಟ್ಟಾಗಿರಲೆಂದು ಕೇಳಿದರೆ ಅದನ್ನು ಕಾಪಾಡುತ್ತಾರೆ. ತನಿಖೆಯಾದ ಹತ್ತು ದಿನಗಳೊಳಗೆ ಫಲಿತಾಂಶವನ್ನು ಬರೆದು ತಿಳಿಸಬೇಕು. ತನಿಖೆಯೇ ನಡೆಯದಿದ್ದರೆ ಏಕೆ ನಡೆಯಲಿಲ್ಲವೆಂಬುದನ್ನು ಹದಿನೈದು ದಿನಗಳೊಳಗೆ ತಿಳಿಸಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ ಮರುಪರಿಶೀಲನೆ ಕೇಳಬಹುದು, ನ್ಯಾಯಾಲಯಕ್ಕೂ ಹೋಗಬಹುದು.

ಇದೆಲ್ಲ ಅಲ್ಲಿ ಸುಗಮವಾಗಿ ನಡೆಯುತ್ತಿದೆಯೆಂದು ಯಾರೂ ಭಾವಿಸಬಾರದು. ಹತ್ತು ದಿನಗಳ ನೋಟೀಸಿನ ನಿಯಮಗಳನ್ನು 2020ರಲ್ಲಿ ಒಂದು ರೀತಿ ತಿದ್ದಿದರು, 2024ರಲ್ಲಿ ಇನ್ನೊಂದು ರೀತಿ ತಿದ್ದಿದರು. ಸರ್ಕಾರ ಬದಲಾದಂತೆ ಎಳೆದಾಟವೂ ಬದಲಾಗುತ್ತದೆ. ಆದರೂ ದೂರಿಗೆ ಒಂದು ದಿನಗಣನೆ ಇರಬೇಕು, ಉತ್ತರ ಬರಹದಲ್ಲಿರಬೇಕು, ತನಿಖೆಯ ವೇಳೆ ದೂರುದಾರನಿಗೆ ಅಲ್ಲಿ ನಿಲ್ಲುವ ಹಕ್ಕಿರಬೇಕು ಎಂಬ ಮೂರು ತತ್ತ್ವಗಳನ್ನು ನಾವು ನೆನಪಿಡಬೇಕು.

ಗೋಡೆಯ ಬಿರುಕು ಯಾವಾಗಿನದು?

ಬಂಡೆ ಸಿಡಿಸುವಾಗ ನೆಲ ಅದುರುತ್ತದೆ. ಬಿರುಕು ಬಿಟ್ಟಿತೆಂದು ಮನೆಯೊಡೆಯ ಹೇಳುತ್ತಾನೆ. ಬಿರುಕು ಹಳೆಯದು, ತಳಪಾಯವೇ ಸಡಿಲ ಎಂದು ಗಣಿಯವನು ಹೇಳುತ್ತಾನೆ. ಎರಡೂ ನಿಜವಾಗಿರಬಹುದಾದ ಮಾತುಗಳೇ. ಮಣ್ಣಿನ ಗೋಡೆ ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ, ಸಿಡಿತವಿಲ್ಲದೆಯೂ ಬಿರಿಯುತ್ತದೆ. ಹಾಗಾದರೆ ತೀರ್ಮಾನ ಹೇಗೆ?

ಅಲ್ಲಿನ ನಿಯಮ ಹೀಗಿದೆ. ಸಿಡಿಸಲು ಆರಂಭಿಸುವುದಕ್ಕೆ ಕನಿಷ್ಠ 30 ದಿನ ಮೊದಲು, ಗಣಿ ಪ್ರದೇಶದಿಂದ ಅರ್ಧ ಮೈಲಿ, ಅಂದರೆ ಸುಮಾರು 800 ಮೀಟರು ಒಳಗಿರುವ ಎಲ್ಲ ಮನೆಗಳವರಿಗೂ ಗಣಿಯವನು ಬರಹದಲ್ಲಿ ತಿಳಿಸಬೇಕು. ಅವರು ಕೇಳಿದರೆ ಮನೆಯ ಪೂರ್ವಸ್ಥಿತಿಯ ತಪಾಸಣೆಯನ್ನು ಗಣಿಯವನ ಖರ್ಚಿನಲ್ಲಿಯೇ ಮಾಡಿಸಬೇಕು. ಆ ವರದಿಯ ಪ್ರತಿಯನ್ನು ಮನೆಯವರಿಗೂ ಇಲಾಖೆಗೂ ಕೊಡಬೇಕು. ವರದಿಯಲ್ಲಿ ಬರೆದದ್ದು ಸರಿಯಲ್ಲವೆಂದು ಮನೆಯವರಿಗೆ ಕಂಡರೆ ತಮ್ಮ ಆಕ್ಷೇಪವನ್ನು ಬರೆದು ಸೇರಿಸಬಹುದು. ಸಿಡಿಸುವ ದಿನ, ವೇಳೆಗಳನ್ನು ಸ್ಥಳೀಯ ಪತ್ರಿಕೆಯಲ್ಲಿ ಹತ್ತು ದಿನ ಮೊದಲೇ ಪ್ರಕಟಿಸಬೇಕು. ಪ್ರತಿ ಸಿಡಿತದ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು ಮತ್ತು ಸಾರ್ವಜನಿಕರು ಕೇಳಿದರೆ ತೋರಿಸಬೇಕು. ಒಕ್ಕಲಿರುವ ಮನೆಯಿಂದ 300 ಅಡಿಯೊಳಗೆ ಮನೆಯೊಡೆಯನ ಲಿಖಿತ ಒಪ್ಪಿಗೆಯಿಲ್ಲದೆ ತೆರೆದ ಗಣಿ ಸಾಮಾನ್ಯವಾಗಿ ಕೂಡದು.

ನೆಲದ ಅದುರುವಿಕೆಗೆ ಅಲ್ಲಿ ಇಟ್ಟಿರುವ ಮಿತಿ, ದೂರಕ್ಕೆ ತಕ್ಕಂತೆ, ಸೆಕೆಂಡಿಗೆ ಸುಮಾರು 19ರಿಂದ 32 ಮಿಲಿಮೀಟರು. ನಮ್ಮ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು 1997ರಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಗಣಿಯವನಿಗೆ ಸೇರದ ಸಾಮಾನ್ಯ ಮನೆಗಳಿಗೆ ಕೊಟ್ಟ ಮಿತಿ, ಕಂಪನದ ಆವರ್ತನಕ್ಕೆ ತಕ್ಕಂತೆ, 5ರಿಂದ 15 ಮಿಲಿಮೀಟರು. ಕಾಗದದ ಮೇಲೆ ನಮ್ಮ ಮಿತಿಯೇ ಹೆಚ್ಚು ಕಟ್ಟುನಿಟ್ಟು! ಆದರೆ ಅಳೆದ ಅಂಕಿಯನ್ನು ನೆರೆಯವನು ನೋಡದಿದ್ದರೆ, ಮನೆಯ ಮೊದಲಿನ ಸ್ಥಿತಿ ಎಲ್ಲಿಯೂ ದಾಖಲಾಗದಿದ್ದರೆ, ಮಿತಿ ಎಷ್ಟು ಕಟ್ಟುನಿಟ್ಟಾಗಿದ್ದರೂ ಅದರಿಂದ ಗೋಡೆಗೆ ರಕ್ಷಣೆಯಿಲ್ಲ.

ನೀರು: ಸಾಬೀತಿನ ಹೊಣೆ ಯಾರದು?

ಮನೆಗಿಂತ ಕಠಿಣವಾದ ವಿಷಯ ನೀರು. ಏಕೆಂದರೆ ಒರತೆಯ ದಾರಿ ಕಣ್ಣಿಗೆ ಕಾಣುವುದಿಲ್ಲ. ನೆಲದಡಿಯಲ್ಲಿ ಕಲ್ಲಿದ್ದಲ ಪದರವನ್ನು ಉದ್ದಕ್ಕೂ ತೆಗೆದುಬಿಟ್ಟಾಗ ಮೇಲಿನ ಬಂಡೆ ಬಾಗಿ ಬಿರಿಯುತ್ತದೆ. ಮೇಲೆ ಹರಿಯುತ್ತಿದ್ದ ನೀರು ಆ ಬಿರುಕಿನಲ್ಲಿ ಇಳಿದುಹೋಗುತ್ತದೆ. ತೆರೆದ ಗಣಿಯಲ್ಲಿ ಇನ್ನೊಂದು ತೊಂದರೆಯಿದೆ. ಕಲ್ಲಿದ್ದಲ ಜೊತೆಗಿರುವ ಪೈರೈಟ್ ಎಂಬ ಕಬ್ಬಿಣ ಮತ್ತು ಗಂಧಕದ ಖನಿಜವು ಗಾಳಿ ನೀರು ತಾಗಿದೊಡನೆ ಗಂಧಕಾಮ್ಲವನ್ನು ಹುಟ್ಟಿಸುತ್ತದೆ. ಹಳ್ಳದ ಕಲ್ಲುಗಳ ಮೇಲೆ ಕಿತ್ತಳೆ ಬಣ್ಣದ ಕೆಸರು ಕೂರುತ್ತದೆ, ನೀರಿನ ರಸಸಾರ ಇಳಿಯುತ್ತದೆ, ಮೀನು ಸಾಯುತ್ತದೆ. ಗಣಿ ಮುಚ್ಚಿದ ಮೇಲೂ ಇದು ದಶಕಗಳ ಕಾಲ ನಡೆಯಬಲ್ಲದು.

1977ರ ಕಾಯಿದೆಯು ತೆರೆದ ಗಣಿಯಿಂದ ನೀರು ಕೆಟ್ಟರೆ ಅಥವಾ ಬತ್ತಿದರೆ ಗಣಿಯವನೇ ಬದಲಿ ನೀರು ಒದಗಿಸಬೇಕೆಂದಿತು. ನೆಲದಡಿಯ ಗಣಿಗೆ ಇಂಥ ಹೊಣೆ ರಾಷ್ಟ್ರಮಟ್ಟದಲ್ಲಿ ಬಂದದ್ದು 1992ರ ಅಕ್ಟೋಬರ್ 24ರ ಕಾಯಿದೆಯಿಂದ. ಅದರಲ್ಲಿಯೂ ಒಂದು ಕೊರತೆಯನ್ನು ನಾವು ರೈತರು ಗಮನಿಸಬೇಕು. ಅದು ಕಾಪಾಡಿದ್ದು ಕುಡಿಯುವ ಮತ್ತು ಮನೆಬಳಕೆಯ ಬಾವಿ, ಒರತೆಗಳನ್ನು ಮಾತ್ರ, ಬೇಸಾಯದ ನೀರನ್ನಲ್ಲ. ಅದನ್ನು ಪೆನ್ಸಿಲ್ವೇನಿಯ ರಾಜ್ಯವು 1994ರ ತನ್ನ ಕಾಯಿದೆಯಲ್ಲಿ ಬೇಸಾಯಕ್ಕೂ ದನಕರುಗಳ ನೀರಿಗೂ ವಿಸ್ತರಿಸಿತು.

ಆ ರಾಜ್ಯದ ಕಾಯಿದೆಯ ಅತ್ಯಂತ ಬೆಲೆಯುಳ್ಳ ಅಂಶ ಇನ್ನೊಂದು. ನೆಲದಡಿಯಲ್ಲಿ ಕಲ್ಲಿದ್ದಲು ತೆಗೆದ ಅಂಚಿನಿಂದ ಮೇಲಕ್ಕೆ, ಲಂಬಕ್ಕೆ 35 ಡಿಗ್ರಿ ಓರೆಯಾಗಿ ಹೊರಗಡೆಗೆ ಒಂದು ಗೆರೆ ಎಳೆಯಿರಿ. ಗಣಿ 200 ಮೀಟರು ಆಳದಲ್ಲಿದ್ದರೆ ಆ ಗೆರೆಯು ಅಂಚಿನಿಂದ ಸುಮಾರು 140 ಮೀಟರು ಆಚೆ ನೆಲವನ್ನು ಮುಟ್ಟುತ್ತದೆ. ಆ ಗೆರೆಯೊಳಗಿನ ಬಾವಿ ಅಥವಾ ಒರತೆ ಕೆಟ್ಟರೆ, ಅದಕ್ಕೆ ಗಣಿಯೇ ಕಾರಣವೆಂದು ಕಾನೂನು ಭಾವಿಸುತ್ತದೆ. ಕಾರಣ ತಾನಲ್ಲವೆಂದು ತೋರಿಸುವ ಹೊಣೆ ಗಣಿಯವನದು. ಬೇರೆ ನೀರಿಲ್ಲದ ಮನೆಗೆ ತಿಳಿಸಿದ 24 ಗಂಟೆಗಳೊಳಗೆ ತಾತ್ಕಾಲಿಕ ನೀರು ಕೊಡಬೇಕು. "ನಿಮ್ಮಲ್ಲಿ ಏನು ಪುರಾವೆಯಿದೆ" ಎಂಬ ಪ್ರಶ್ನೆಯನ್ನು ಕಾನೂನೇ ತಿರುಗಿಸಿ ಗಣಿಯವನ ಮುಂದಿಟ್ಟಿತು.

ಆದರೆ ಇದಕ್ಕೊಂದು ಷರತ್ತಿದೆ. ಗಣಿಗೆ ಮುನ್ನ ನೀರಿನ ತಪಾಸಣೆ ಮಾಡಲು ಬಂದವರನ್ನು ಭೂಮಾಲೀಕನು ಒಳಗೆ ಬಿಡದಿದ್ದರೆ ಈ ಅನುಕೂಲವು ಅವನಿಂದ ಜಾರಿಹೋಗುತ್ತದೆ. ಗಣಿಯನ್ನು ವಿರೋಧಿಸುವವನು ಗಣಿಯ ಸರ್ವೇಯರನ್ನು ಬೇಲಿಯೊಳಗೆ ಬಿಡದಿರುವುದು ಸಹಜವಾದ ಸಿಟ್ಟು. ಆದರೆ ಆ ಸಿಟ್ಟೇ ಮುಂದೆ ಅವನ ಕೈಯ ಆಯುಧವನ್ನು ಕಿತ್ತುಕೊಳ್ಳುತ್ತದೆ. ವಿರೋಧಿಸುವವನು ಅಳತೆಯನ್ನು ವಿರೋಧಿಸಬಾರದು. ಅಳತೆಯ ವೇಳೆ ತಾನೂ ಪಕ್ಕದಲ್ಲಿ ನಿಂತು ತನ್ನ ಪುಸ್ತಕದಲ್ಲಿಯೂ ಬರೆದುಕೊಳ್ಳಬೇಕು.

ಪರಿಹಾರಕ್ಕೂ ಒಂದು ಮಿತಿಯಿದೆ

ಈಗ ಅದೇ ಕಾಯಿದೆಯ ಇನ್ನೊಂದು ಮುಖವನ್ನೂ ಹೇಳಬೇಕು. 1966ರ ಕಾಯಿದೆ ಹಳೆಯ ಮನೆಗಳನ್ನು ಕುಸಿಯಲು ಬಿಡಬೇಡ ಎಂದಿತ್ತು. 1994ರ ತಿದ್ದುಪಡಿಯು ಕುಸಿದರೆ ದುರಸ್ತಿ ಮಾಡು ಅಥವಾ ಹಣ ಕೊಡು ಎಂದಿತು. ನೀರಿನ ಹಕ್ಕನ್ನು ಬಲಪಡಿಸಿದ ಕಾಯಿದೆಯೇ ಮನೆಯಡಿಯ ಆಧಾರವನ್ನು ಸಡಿಲಿಸಿತು. ದೂರಿಗೂ ಅದು ಕ್ರಮವೊಂದನ್ನು ವಿಧಿಸಿತು. ಮನೆಯೊಡೆಯನು ಮೊದಲು ಗಣಿಯವನಿಗೆ ತಿಳಿಸಬೇಕು. ಆರು ತಿಂಗಳೊಳಗೆ ಒಪ್ಪಂದವಾಗದಿದ್ದರೆ ಇಲಾಖೆಗೆ ದೂರಬಹುದು, ಆದರೆ ಹಾನಿಯಾದ ಎರಡು ವರ್ಷಗಳೊಳಗೆ. ಇಲಾಖೆ 30 ದಿನಗಳಲ್ಲಿ ತನಿಖೆ ನಡೆಸಿ, ಅನಂತರದ 60 ದಿನಗಳಲ್ಲಿ ಬರಹದ ತೀರ್ಮಾನ ಕೊಡಬೇಕು. ಕೆಟ್ಟ ನೀರನ್ನು ಮೂರು ವರ್ಷಗಳೊಳಗೆ ಸರಿಪಡಿಸಲಾಗದಿದ್ದರೆ ಇಬ್ಬರೂ ಒಪ್ಪುವ ಪರಿಹಾರಕ್ಕೆ ಬರಬಹುದು. ಒಪ್ಪಂದವಾಗದಿದ್ದರೆ ಗಣಿಯವನು ಆ ಆಸ್ತಿಯನ್ನು ಹಾನಿಗೆ ಮುಂಚಿನ ಬೆಲೆಗೆ ಕೊಳ್ಳಬೇಕಾಗಬಹುದು, ಇಲ್ಲವೇ ಬೆಲೆಯಲ್ಲಾದ ಇಳಿತವನ್ನು ತುಂಬಿಕೊಡಬೇಕಾಗಬಹುದು.

ಬೆಲೆ ಸಿಕ್ಕಿತು, ದೂರು ಇತ್ಯರ್ಥವಾಯಿತು, ಕಡತ ಮುಚ್ಚಿತು. ಆದರೆ ಆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಹೀಗೆ ಒಂದೊಂದಾಗಿ ಮನೆಗಳು ಇತ್ಯರ್ಥವಾಗುತ್ತ ಹೋದರೆ ಕೊನೆಗೆ ಶಾಲೆಗೆ ಮಕ್ಕಳಿಲ್ಲ, ಜಾತ್ರೆಗೆ ಜನರಿಲ್ಲ. ಯಾವ ಕಡತದಲ್ಲಿಯೂ ದಾಖಲಾಗದ ನಷ್ಟವದು. ಮಾರುಕಟ್ಟೆಯ ಬೆಲೆಯಲ್ಲಿ ಜಮೀನಿನ ಅಳತೆಯಿದೆ, ಊರಿನ ಅಳತೆಯಿಲ್ಲ.

ಮಣ್ಣಿನ ವಿಷಯದಲ್ಲಿ ಆ ದೇಶದ ಕಾಯಿದೆ ಒಂದು ಒಳ್ಳೆಯ ಪಾಠ ಕಲಿಸುತ್ತದೆ. ಉತ್ತಮ ಕೃಷಿಭೂಮಿಯಲ್ಲಿ ತೆರೆದ ಗಣಿ ಮಾಡುವವನು ಮೇಲ್ಮಣ್ಣನ್ನೂ ಅದರ ಕೆಳಗಿನ ಮಣ್ಣನ್ನೂ ಬೇರೆ ಬೇರೆಯಾಗಿ ತೆಗೆದು ಕಾಪಾಡಿ, ಅದೇ ಕ್ರಮದಲ್ಲಿ ಮರಳಿ ಹರಡಬೇಕು. ಪರವಾನಗಿಯ ವೇಳೆಯಲ್ಲಿಯೇ ಠೇವಣಿ ಇಡಬೇಕು. ಅಲ್ಲಿ ಬೆಳೆ ಬೆಳೆದು, ಕನಿಷ್ಠ ಮೂರು ಬೆಳೆವರ್ಷಗಳ ಇಳುವರಿಯು ಗಣಿ ಮುಟ್ಟದ ಅಂಥದೇ ಭೂಮಿಯ ಇಳುವರಿಗೆ ಸಮವೆಂದು ತೋರಿಸಿದ ಮೇಲೆಯೇ ಆ ಠೇವಣಿ ಪೂರ್ತಿಯಾಗಿ ಮರಳುತ್ತದೆ. ಠೇವಣಿ ಬಿಡುವ ಮುನ್ನ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ನೆರೆಯವರು ಆಕ್ಷೇಪ ಸಲ್ಲಿಸಬಹುದು. ಹಾನಿಯಾದ ಮೇಲೆ ಗಣಿಯವನ ಹಿಂದೆ ಅಲೆಯುವುದಕ್ಕಿಂತ, ಅವನ ಹಣ ಮೊದಲೇ ಸರ್ಕಾರದ ಕೈಯಲ್ಲಿರುವುದು ಎಷ್ಟೋ ಮೇಲು.

ನಮ್ಮ ದೇಶದ ಒಂದು ಉದಾಹರಣೆ

ವಿದ್ಯಾರ್ಥಿ ಮಿತ್ರರು ಈ ಮಾತನ್ನು ವಿಶೇಷವಾಗಿ ಕೇಳಬೇಕು. ಮೇಘಾಲಯದ ಜಯಂತಿಯಾ ಬೆಟ್ಟಗಳಲ್ಲಿ ಜನರು ತಮ್ಮದೇ ಜಮೀನಿನಲ್ಲಿ ಇಲಿಬಿಲದಂಥ ಸುರಂಗಗಳನ್ನು ತೋಡಿ ಕಲ್ಲಿದ್ದಲು ತೆಗೆಯುತ್ತಿದ್ದರು. ಅಲ್ಲಿಂದ ಹೊರಟ ಆಮ್ಲದ ನೀರು ಕೆಳಗೆ ಹರಿದು ಅಸ್ಸಾಮಿನ ಕೊಪಿಲಿ ನದಿಯನ್ನು ಸೇರಿತು. ಕೊಪಿಲಿ ಜಲವಿದ್ಯುತ್ ಯೋಜನೆಯ ಲೋಹದ ಭಾಗಗಳೇ ಸವೆದುಹೋದವು. ಇದರ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ದೂರು ಕೊಟ್ಟದ್ದು ಯಾವ ದೊಡ್ಡ ಸಂಸ್ಥೆಯೂ ಅಲ್ಲ. ಅಸ್ಸಾಮಿನ ದಿಮಾ ಹಸಾವೊ ಜಿಲ್ಲೆಯ ವಿದ್ಯಾರ್ಥಿ ಸಂಘಟನೆ, ಅಖಿಲ ದಿಮಾಸಾ ವಿದ್ಯಾರ್ಥಿ ಒಕ್ಕೂಟ. 2014ರ ಏಪ್ರಿಲ್ 17ರಂದು ನ್ಯಾಯಮಂಡಳಿಯು ಇಲಿಬಿಲ ಗಣಿಗಾರಿಕೆಯನ್ನು ನಿಷೇಧಿಸಿತು. ನಿಷೇಧ ಮುರಿದು ನಡೆಯುತ್ತಿದ್ದ ಗಣಿಯೊಂದಕ್ಕೆ 2018ರ ಡಿಸೆಂಬರಿನಲ್ಲಿ ನೀರು ನುಗ್ಗಿ 15 ಕಾರ್ಮಿಕರು ಸಿಕ್ಕಿಬಿದ್ದದ್ದನ್ನು ತಾವು ಓದಿರುತ್ತೀರಿ. 2019ರ ಜುಲೈ 3ರಂದು ಸರ್ವೋಚ್ಚ ನ್ಯಾಯಾಲಯವು, ಜಮೀನೂ ಖನಿಜವೂ ಸ್ವಂತದ್ದೇ ಆದರೂ ಕಾನೂನಿನ ಪರವಾನಗಿಯಿಲ್ಲದೆ ಗಣಿಗಾರಿಕೆ ಕೂಡದೆಂದು ಹೇಳಿ, ಹಾನಿ ಸರಿಪಡಿಸಲು ರಾಜ್ಯವು 100 ಕೋಟಿ ರೂಪಾಯಿ ಠೇವಣಿ ಇಡಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು.

ಇಲ್ಲಿ ಗಮನಿಸಬೇಕಾದದ್ದು, ದೂರುದಾರರ ಜಮೀನು ಗಣಿಯ ಪಕ್ಕದಲ್ಲಿರಲಿಲ್ಲ. ಹೊಳೆಯ ಕೆಳಗಿನ ದಂಡೆಯಲ್ಲಿತ್ತು. ನೀರು ಹರಿದಲ್ಲೆಲ್ಲ ಗಣಿಯ ನೆರೆಯವರಿದ್ದಾರೆ.

ನಮ್ಮ ಬೆಟ್ಟದಲ್ಲಿ ಮಾಡಬಹುದಾದದ್ದು

ಕುದುರೆಮುಖದ ಕಬ್ಬಿಣದ ಅದಿರು ಗಣಿಯು ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಗೆ ನಿಂತಿತು. ಆದರೆ ಕಲ್ಲುಕ್ವಾರಿಗಳೂ ಜಲ್ಲಿ ಕ್ರಷರುಗಳೂ ನಿಂತಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರದ ಹುಣಸೋಡಿನಲ್ಲಿ ಕ್ವಾರಿಯ ಸ್ಫೋಟಕಗಳು ಸಿಡಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ದೂರದ ಊರುಗಳವರೂ ಭೂಕಂಪವೆಂದು ಭಾವಿಸಿ ಹೊರಗೆ ಓಡಿಬಂದರು. ಅಂಥ ದುರಂತವಾದಾಗ ಎಲ್ಲರ ಗಮನ ಹರಿಯುತ್ತದೆ. ದಿನನಿತ್ಯದ ಸಣ್ಣ ಅದುರುವಿಕೆಗೆ, ಮೆಲ್ಲಗೆ ಬತ್ತುವ ಅಬ್ಬಿಯ ನೀರಿಗೆ ಯಾರ ಗಮನವೂ ಬರುವುದಿಲ್ಲ. ಆ ಗಮನವನ್ನು ನಾವೇ ಕೊಡಬೇಕು.

ಮೊದಲನೆಯದಾಗಿ ನೀರು. ಹತ್ತು ಲೀಟರಿನ ಒಂದು ಬಕೀಟು, ಒಂದು ಗಡಿಯಾರ ಸಾಕು. ಒರತೆಯ ಕೊಳವೆಯಡಿ ಬಕೀಟು ಹಿಡಿದು ತುಂಬಲು ಎಷ್ಟು ಸೆಕೆಂಡು ಬೇಕಾಯಿತೆಂದು ಬರೆಯಿರಿ. 20 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 30 ಲೀಟರು. ತಿಂಗಳಿಗೊಮ್ಮೆ, ಅದೇ ದಿನಾಂಕದಂದು ಅಳೆಯಿರಿ. ಬಾವಿಯಾದರೆ ಕಟ್ಟೆಯಿಂದ ನೀರಿನ ಮಟ್ಟಕ್ಕೆ ಹಗ್ಗದಿಂದ ಅಳತೆ ಹಿಡಿಯಿರಿ. ಜೊತೆಯಲ್ಲಿ ಮಳೆಯನ್ನೂ ಬರೆಯಿರಿ. ಏಕೆಂದರೆ ನಾಳೆ ನೀರು ಕಡಿಮೆಯಾಯಿತೆಂದರೆ, ಈ ವರ್ಷ ಮಳೆಯೇ ಕಡಿಮೆ ಎಂಬ ಉತ್ತರ ಬರುತ್ತದೆ. ಆ ಉತ್ತರವನ್ನು ಎದುರಿಸಲು ಇನ್ನೊಂದು ಉಪಾಯವಿದೆ. ಕೃಷಿ ಪ್ರಯೋಗದಲ್ಲಿ ಗೊಬ್ಬರ ಹಾಕಿದ ತಾಕಿನ ಪಕ್ಕದಲ್ಲಿ ಗೊಬ್ಬರ ಹಾಕದ ತಾಕನ್ನೂ ನಾವು ಇಟ್ಟುಕೊಳ್ಳುತ್ತೇವೆ; ಹೋಲಿಕೆಯಿಲ್ಲದೆ ಯಾವ ಫಲಿತಾಂಶವೂ ಫಲಿತಾಂಶವಲ್ಲ. ಅದೇ ರೀತಿ ಕ್ವಾರಿಯ ಗುಡ್ಡದ ಒರತೆಯ ಜೊತೆಗೆ, ಕ್ವಾರಿಯಿಲ್ಲದ ಪಕ್ಕದ ಗುಡ್ಡದ ಒರತೆಯೊಂದನ್ನೂ ಅಳೆಯಿರಿ. ಮಳೆ ಎರಡೂ ಗುಡ್ಡಗಳಿಗೆ ಒಂದೇ. ಒಂದು ಒರತೆ ಬತ್ತಿ ಇನ್ನೊಂದು ಹರಿಯುತ್ತಿದ್ದರೆ ಮಳೆಯ ನೆಪ ನಿಲ್ಲುವುದಿಲ್ಲ. ವರ್ಷಕ್ಕೆ ಎರಡು ಬಾರಿ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು ರಸಸಾರ, ಕಬ್ಬಿಣ, ಸಲ್ಫೇಟು, ಲವಣಾಂಶಗಳ ವರದಿಯನ್ನು ಕಡತಕ್ಕೆ ಸೇರಿಸಿರಿ.

ಎರಡನೆಯದಾಗಿ ಮನೆ. ಈಗಿರುವ ಬಿರುಕುಗಳನ್ನು ಮುಚ್ಚಿಡಬೇಡಿರಿ. ಹಳೆಯದನ್ನು ಹಳೆಯದೆಂದೇ ಪ್ರಾಮಾಣಿಕವಾಗಿ ದಾಖಲಿಸಿದವನ ಹೊಸ ಬಿರುಕಿನ ಮಾತಿಗೆ ತೂಕ ಬರುತ್ತದೆ. ಪ್ರತಿ ಬಿರುಕಿನ ತುದಿಯಲ್ಲಿ ಪೆನ್ಸಿಲಿನಿಂದ ಗೆರೆ ಹಾಕಿ ದಿನಾಂಕ ಬರೆಯಿರಿ. ಅಳತೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆಯಿರಿ. ಸಿಡಿತದ ದಿನ, ವೇಳೆ, ಎಷ್ಟು ಸದ್ದು, ಪಾತ್ರೆ ಅಲುಗಿತೇ, ಕಲ್ಲು ಹಾರಿತೇ ಎಂಬುದನ್ನು ಅಂದೇ ಬರೆಯಿರಿ. ಮೂರು ಬೇರೆ ಬೇರೆ ಮನೆಗಳ ಪುಸ್ತಕಗಳಲ್ಲಿ ಒಂದೇ ವೇಳೆ ದಾಖಲಾಗಿದ್ದರೆ ಅದನ್ನು ತಳ್ಳಿಹಾಕುವುದು ಕಷ್ಟ.

ಮೂರನೆಯದಾಗಿ ದೂರು. ಬಾಯಿಮಾತಿನ ದೂರು ದೂರಲ್ಲ. ಗಣಿ ಮತ್ತು ಭೂವಿಜ್ಞಾನ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ, ಜಿಲ್ಲಾಧಿಕಾರಿ ಇವರಿಗೆ ಬರೆದುಕೊಟ್ಟು ಸ್ವೀಕೃತಿಯ ಮೊಹರು ಪಡೆಯಿರಿ. ಅಧಿಕಾರಿಗಳು ಸ್ಥಳಕ್ಕೆ ಬಂದಾಗ ನೀವೂ ಇರಿ. ಮಹಜರಿನಲ್ಲಿ ನೀವು ತೋರಿಸಿದ ಸಂಗತಿ ದಾಖಲಾಗಿದೆಯೇ ಎಂದು ಓದಿ ನೋಡಿಯೇ ಸಹಿ ಹಾಕಿರಿ. ಪರವಾನಗಿಯ ಷರತ್ತುಗಳನ್ನೂ ಕಂಪನದ ವರದಿಗಳನ್ನೂ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಕೇಳಿರಿ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಅಲ್ಲಿಯೂ ಪರಿಹಾರ ಸಿಗದಿದ್ದರೆ 2010ರ ಕಾಯಿದೆಯ ಹಸಿರು ನ್ಯಾಯಮಂಡಳಿಯಿದೆ. ಪರಿಸರ ವಿವಾದವನ್ನು ಕಾರಣ ಹುಟ್ಟಿದ ಆರು ತಿಂಗಳೊಳಗೆ, ಪರಿಹಾರದ ಕೋರಿಕೆಯನ್ನು ಐದು ವರ್ಷಗಳೊಳಗೆ ಅಲ್ಲಿಗೆ ಒಯ್ಯಬೇಕು. ವಿಳಂಬಕ್ಕೆ ತಕ್ಕ ಕಾರಣವಿದ್ದರೆ 60 ದಿನಗಳ ವಿನಾಯಿತಿಯಿದೆ. ಗಡುವು ಮುಗಿದ ಮೇಲೆ ಎಚ್ಚೆತ್ತವನಿಗೆ ಸತ್ಯವೂ ಸಹಾಯಕ್ಕೆ ಬರುವುದಿಲ್ಲ.

ನಾಲ್ಕನೆಯದಾಗಿ, ಇದನ್ನು ಒಬ್ಬೊಬ್ಬರೇ ಮಾಡಬಾರದು. ಒಬ್ಬ ಭೂಮಾಲೀಕನ ದೂರನ್ನು ಹಣದಿಂದ ತೀರಿಸಬಹುದು, ಭಯದಿಂದಲೂ ತೀರಿಸಬಹುದು. ಗ್ರಾಮಸಭೆಯ ನಿರ್ಣಯದೊಂದಿಗೆ, ಹತ್ತು ಒರತೆಗಳ ಅಂಕಿಯೊಂದಿಗೆ ಬರುವ ದೂರನ್ನು ಹಾಗೆ ತೀರಿಸಲಾಗದು. ಶಾಲೆ ಕಾಲೇಜಿನ ಮಕ್ಕಳು ಈ ಅಳತೆಯ ಕೆಲಸವನ್ನು ಕೈಗೆತ್ತಿಕೊಂಡರೆ ಅದು ವಿಜ್ಞಾನದ ಪಾಠವೂ ಆಗುತ್ತದೆ, ಊರಿನ ಸೇವೆಯೂ ಆಗುತ್ತದೆ.

ಕರ್ನಾಟಕ ಭೂಕಂದಾಯ ಅಧಿನಿಯಮದಂತೆ ನಮ್ಮ ನೆಲದಡಿಯ ಖನಿಜದ ಹಕ್ಕು ಸಾಮಾನ್ಯವಾಗಿ ರಾಜ್ಯ ಸರ್ಕಾರದ್ದು. ಪಹಣಿಯಲ್ಲಿ ನಮ್ಮ ಹೆಸರಿದ್ದರೂ ಅಡಿಯ ಕಲ್ಲಿನ ಮಾತಿನಲ್ಲಿ ನಾವು ಅಪಲಾಚಿಯದ ರೈತನಷ್ಟೇ ದುರ್ಬಲರು. ಆದರೆ ಮೇಲೆ ಹರಿಯುವ ನೀರಿನ ಲೆಕ್ಕ, ಗೋಡೆಯ ಲೆಕ್ಕ, ಬೆಳೆಯ ಲೆಕ್ಕ ನಮ್ಮ ಕೈಯಲ್ಲಿಯೇ ಇದೆ. ಅದನ್ನು ಬರೆದಿಡಲು ಯಾರ ಪರವಾನಗಿಯೂ ಬೇಕಾಗಿಲ್ಲ. ಹಾನಿಯಾದ ಮೇಲೆ ಬರೆದ ನೂರು ಅರ್ಜಿಗಳಿಗಿಂತ ಹಾನಿಗೆ ಮುನ್ನ ಬರೆದ ಒಂದು ಪುಟ ಬಲವಾದುದು. ಈ ಶಿಬಿರ ಮುಗಿಸಿ ಹೋಗುವ ಪ್ರತಿಯೊಂದು ಊರಿನವರೂ ಮುಂದಿನ ತಿಂಗಳ ಮೊದಲನೆಯ ತಾರೀಕಿನಂದು ಎರಡು ಒರತೆಗಳ ಅಳತೆಯನ್ನು ಬರೆದು ಆರಂಭಿಸಬೇಕೆಂದು ಕೇಳಿಕೊಳ್ಳುತ್ತೇನೆ. ಬೇಸಿಗೆಯ ಹೊತ್ತಿಗೆ ಎಲ್ಲ ಊರುಗಳ ಪುಸ್ತಕಗಳನ್ನು ಒಟ್ಟಿಗೆ ಇಟ್ಟುಕೊಂಡು ಮತ್ತೆ ಕೂರೋಣ.